ಡೋಲಕಗುತ್ತಿನ ಅಷ್ಟಮಾನ ಶೆಟ್ಟಿ

ಕೊರಗಪ್ಪ ಹಿಮಾಲಯಕ್ಕೆ ಹೋದದ್ದು ಒಂದು ಶುಕ್ರವಾರ ಮಧ್ಯಾಹ್ನ ನಾಲ್ಕು ಗಂಟೆಗೆ, ಕುವೈತಿನ ಮೈದಾನ್ ಹವಲ್ಲಿಯಲ್ಲಿ, ಒಂದು ಶಾಲೆಯ ಸಭಾಂಗಣದಲ್ಲಿ ಮೈಕಿನ ಮುಂದೆ ನಿಂತುಕೊಂಡು. ಅದಕ್ಕೆ ಮುಂಚೆ ಅವನು ಬೊಂಬಾಯಿಯಿಂದ ಉತ್ತರಕ್ಕೆ ರೈಲಿನಲ್ಲಿ ಒಂದು ಸ್ಟೇಷನ್ ಕೂಡ ಹೋದವನಲ್ಲ.

1990ರ ಏಪ್ರಿಲ್ ತಿಂಗಳು. ನಮ್ಮ ಕನ್ನಡದವರ ತಿಂಗಳ ಕೂಟಕ್ಕೆ ಭಾಷಣ ಮಾಡಬೇಕಿದ್ದ ಡಾಕ್ಟರು ಬರಲಿಲ್ಲ. ಕೂಟದ ಅಧ್ಯಕ್ಷರು ಸಿದ್ದಯ್ಯನವರು. ಅಹ್ಮದಿಯ ತೈಲ ಕಂಪನಿಯಲ್ಲಿ ಎಂಜಿನಿಯರು, ಮಂಡ್ಯದ ಕಡೆಯವರು, ಗಡಿಯಾರದ ಮುಳ್ಳು ಒಂದು ನಿಮಿಷ ಸುಮ್ಮನೆ ಹೋದರೂ ಸಹಿಸದವರು. "ಯಾರಾದ್ರೂ ಹತ್ತು ನಿಮಿಷ ಮಾತಾಡ್ರಪ್ಪ. ಯಾವ ವಿಷಯ ಆದ್ರೂ ಸರಿ, ಪೆಟ್ರೋಲ್ ಒಂದು ಬಿಟ್ಟು" ಎಂದರು.

ಯಾರೂ ಏಳಲಿಲ್ಲ. ಕೊರಗಪ್ಪನಿಗೆ ಸಂಕಟವಾಯಿತು.

ಈ ಸಂಕಟದ ವಿಷಯ ಮೊದಲೇ ಹೇಳಿಬಿಡಬೇಕು. ಕೊರಗಪ್ಪ ಪಡುಬಿದ್ರಿ ಕಡೆಯವನು, ಟೈರು ಗೋಡೌನಿನಲ್ಲಿ ಸ್ಟೋರ್‌ಕೀಪರ್, ನಾನಿದ್ದ ಕಟ್ಟಡದಲ್ಲೇ ಮೂರನೇ ಮಹಡಿಯವನು. ಅವನನ್ನು ಸುಳ್ಳುಗಾರ ಎಂದರೆ ಪಾಪ ಬಂದೀತು. ಯಾರಾದರೂ ಒಂದು ಪ್ರಶ್ನೆ ಕೇಳಿ ಉತ್ತರ ಸಿಗದೆ ನಿಂತಿದ್ದರೆ ಅವನಿಗೆ ನೋಡಲಾಗುತ್ತಿರಲಿಲ್ಲ. ಬಾಯಾರಿದವರಿಗೆ ನೀರು ಕೊಟ್ಟ ಹಾಗೆ ಒಂದು ಉತ್ತರ ಕೊಟ್ಟುಬಿಡುತ್ತಿದ್ದ. ಆ ನೀರು ಎಲ್ಲಿಯದು ಎಂದು ಆಮೇಲೆ ನೋಡಿಕೊಂಡರಾಯಿತು ಎಂಬುದು ಅವನ ಧೋರಣೆ.

"ನಾನು ಮಾತಾಡ್ತೇನೆ ಸರ್. ಹಿಮಾಲಯದ ಒಂದು ಊರಿನ ಬಗ್ಗೆ" ಎಂದು ಎದ್ದ.

ಮಾತಾಡಿದ. ಹತ್ತು ನಿಮಿಷವಲ್ಲ, ಮುಕ್ಕಾಲು ಗಂಟೆ. ನೇಪಾಳದಲ್ಲಿ ದೋಲಖಾ ಎಂದು ಒಂದು ಊರುಂಟು. ಬೆಟ್ಟದ ಮೇಲೆ ಕಲ್ಲು ಹಾಸಿದ ಬೀದಿ. ಒಂದು ಕಾಲದಲ್ಲಿ ಟಿಬೆಟ್ಟಿಗೆ ಹೋಗುವ ವ್ಯಾಪಾರಿಗಳ ದಾರಿ ಅದು. ಹಿತ್ತಾಳೆ ಪಾತ್ರೆ, ಬಟ್ಟೆ ಮೇಲಕ್ಕೆ ಹೋಗುವುದು. ಉಪ್ಪು, ಉಣ್ಣೆ ಕೆಳಕ್ಕೆ ಬರುವುದು. ಎಲ್ಲ ಮನುಷ್ಯರ ಬೆನ್ನ ಮೇಲೆ. ಒಮ್ಮೆ ಹನ್ನೆರಡು ಜನ ಹೊರೆಯಾಳುಗಳು ಮೂರು ಕಲ್ಲಿಟ್ಟು ಅನ್ನಕ್ಕಿಟ್ಟರು. ಪಾತ್ರೆಯ ಒಂದು ಬದಿ ಮಾತ್ರ ಬೇಯುವುದಿಲ್ಲ. ತಿರುಗಿಸಿ ಇಟ್ಟರೆ, ಬೆಂದ ಅನ್ನವೂ ಆ ಒಂದು ಕಲ್ಲಿನ ಮೇಲೆ ಬಂದಾಗ ಹಸಿ ಅಕ್ಕಿ. ಒಬ್ಬನಿಗೆ ಸಿಟ್ಟು ಬಂದು ಸೌಟಿನಿಂದ ಕಲ್ಲಿಗೆ ಬಾರಿಸಿದ. ಕಲ್ಲಿನಿಂದ ಹಾಲು ಬಂತು, ರಕ್ತ ಬಂತು. ನೋಡಿದರೆ ಭೀಮಸೇನ ದೇವರು!

ಸಭೆಯಲ್ಲಿ ಮಕ್ಕಳೂ ಸುಮ್ಮನಾಗಿದ್ದರು. ಸಿದ್ದಯ್ಯನವರು ಮಾತ್ರ, "ಇದೆಲ್ಲ ನೀವೇ ಹೋಗಿ ನೋಡಿದ್ದಾ?" ಎಂದು ಕೇಳಿದರು.

"ನೋಡದೆ ಹೇಳ್ಲಿಕ್ಕುಂಟಾ ಸರ್? ಎಂಬತ್ತೆರಡರಲ್ಲಿ ಹೋಗಿದ್ದೆ. ಆ ಗುಡಿಯ ಚಿನ್ನದ ಗೋಪುರಕ್ಕೆ ಬಿಸಿಲು ಬಿದ್ದರೆ ಕಣ್ಣು ಬಿಡ್ಲಿಕ್ಕೆ ಸಾಧ್ಯ ಇಲ್ಲ!"

ಚಪ್ಪಾಳೆ ಬಿತ್ತು. ಹಿಂದೆ ಕುರ್ಚಿ ಜೋಡಿಸುತ್ತಿದ್ದ ಒಬ್ಬ ಮನುಷ್ಯ ಎಲ್ಲರಿಗಿಂತ ಜೋರಾಗಿ ಚಪ್ಪಾಳೆ ತಟ್ಟಿದ. ಅವನು ಅಷ್ಟಮಾನ್ ಶ್ರೇಷ್ಠ. ನಮ್ಮ ಕಟ್ಟಡದ ಹಾರಿಸ್. ಕನ್ನಡದ ಕಿವಿಗೆ ಏನನ್ನೋ ಹಾರಿಸುವವನಂತೆ ಕೇಳುವ ಈ ಪದಕ್ಕೆ ಅಲ್ಲಿ ಕಾವಲುಗಾರ ಎಂದು ಅರ್ಥ. ಮೆಟ್ಟಿಲ ಕೆಳಗಿನ ಕೋಣೆಯಲ್ಲಿ ಆರು ವರ್ಷದಿಂದ ಇದ್ದ, ಮೂವತ್ತರ ಆಸುಪಾಸಿನವನು. ದೋಲಖಾ ಅವನ ಊರು. ಕೊರಗಪ್ಪನ ಹಿಮಾಲಯವೆಲ್ಲ ಆ ಕೋಣೆಯಲ್ಲಿ ಚಹಾ ಕುಡಿಯುತ್ತಾ ಕೇಳಿದ್ದು.

ಮರುದಿನ ಬೆಳಿಗ್ಗೆ ಲಿಫ್ಟಿನ ಹತ್ತಿರ ಅಷ್ಟಮಾನ್ ಮೆಲ್ಲಗೆ ಹೇಳಿದ್ದನ್ನು ನಾನೇ ಕೇಳಿಸಿಕೊಂಡೆ. ಅವನು ಕೊರಗಪ್ಪನನ್ನು ದಾಜು ಎಂದು ಕರೆಯುತ್ತಿದ್ದ, ಅವರ ಭಾಷೆಯಲ್ಲಿ ಅಣ್ಣ.

"ದಾಜು, ಚೆನ್ನಾಗಿ ಹೇಳಿದಿರಿ. ಆದರೆ ಗುಡಿಗೆ ಗೋಪುರ ಇಲ್ಲ. ಚಾವಣಿಯೇ ಇಲ್ಲ."

"ಎಂತದು? ಮಳೆ ಬಂದರೆ?"

"ನೆನೆಯುತ್ತದೆ."

"ದೇವರಾ?"

"ಹೌದು. ಅವನಿಗೆ ತಲೆ ಮೇಲೆ ಮುಚ್ಚುವುದು ಬೇಡವಂತೆ."

"ಮೊದಲೇ ಹೇಳಬಾರದಿತ್ತಾ ಮಾರಾಯಾ?"

"ನೀವು ಅಲ್ಲಿಗೆ ಹೋಗಿ ಬಂದದ್ದು ನಿನ್ನೆಯಲ್ಲವಾ ನನಗೆ ಗೊತ್ತಾದದ್ದು!"

ಇಷ್ಟಾದರೂ ಅಷ್ಟಮಾನ್ ಯಾರ ಮುಂದೆಯೂ ಬಾಯಿ ಬಿಡಲಿಲ್ಲ. ಬದಲಿಗೆ ದಿನಾ ಸಂಜೆ ಪಾಠ ಹೇಳಿಕೊಟ್ಟ. ಕೊರಗಪ್ಪ 'ಹಿಮಾಲಯದ ಕೊರಗಪ್ಪ' ಆದ. ಊಟಕ್ಕೆ ಕರೆದ ಮನೆಗಳಲ್ಲಿ ಅವನು ಅದೇ ಊರಿನ ತ್ರಿಪುರಸುಂದರಿಯ ಗುಡಿಯ ವಿಷಯ ಹೆಚ್ಚು ಹೇಳುತ್ತಿದ್ದ. ಯಾಕೆಂದರೆ ಆ ಗುಡಿಯ ಮೂರ್ತಿಯನ್ನು ಪೂಜಾರಿಯ ಹೊರತು ಯಾರೂ ನೋಡುವಂತಿಲ್ಲವಂತೆ. ನೋಡಿಲ್ಲ ಎಂದು ಧೈರ್ಯವಾಗಿ ಹೇಳಬಹುದಾದ ದೇವರು ಸಿಗುವುದು ಅಪರೂಪ.

ಆಗಸ್ಟ್ ಎರಡನೇ ತಾರೀಕು, ಗುರುವಾರ ಬೆಳಿಗ್ಗೆ, ಹಾಲು ತರಲು ಹೋದ ಕೊರಗಪ್ಪ ಬರಿಗೈಯಲ್ಲಿ ಬಂದು ನನ್ನ ಬಾಗಿಲು ಬಡಿದ. "ಮಾಷ್ಟ್ರೇ, ಹೊರಗೆ ಎಂತದೋ ಪೆರೇಡ್ ಉಂಟು. ಅಂಗಡಿ ಎಲ್ಲ ಬಂದ್." ಪೆರೇಡ್ ಅಲ್ಲ, ಇರಾಕಿನ ಟ್ಯಾಂಕುಗಳು. ಮಧ್ಯಾಹ್ನದ ಹೊತ್ತಿಗೆ ಕುವೈತ್ ಎಂಬ ದೇಶ ಇರಲಿಲ್ಲ. ನಾನು ಪಾಠ ಹೇಳುತ್ತಿದ್ದ ಶಾಲೆ ಮುಚ್ಚಿತು, ಕೊರಗಪ್ಪನ ಟೈರುಗಳನ್ನು ಸೈನಿಕರು ಲಾರಿಯಲ್ಲಿ ಹೇರಿಕೊಂಡು ಹೋದರು. ಹೇರುವಾಗ ಅವನು ಅಭ್ಯಾಸಬಲದಿಂದ ಅವರ ರುಜು ಕೇಳಿ, ಬಂದೂಕಿನ ಹಿಡಿಯಿಂದ ಬೆನ್ನಿಗೆ ಒಂದು ತಿಂದು ಬಂದ.

ಮೂರು ವಾರ ರೊಟ್ಟಿಯ ಸಾಲಿನಲ್ಲಿ ನಿಂತು ಕಳೆದೆವು. ಬೇರೆ ಬೇರೆ ಕಡೆಯ ನಮ್ಮವರು ಮೈದಾನ್ ಹವಲ್ಲಿಗೆ ಬಂದು, ಖಾಲಿಯಾದ ಫ್ಲಾಟುಗಳಲ್ಲಿ ಸೇರಿಕೊಂಡರು. ಸಿದ್ದಯ್ಯನವರು ಅಹ್ಮದಿಯಿಂದ ನಮ್ಮ ಕಟ್ಟಡಕ್ಕೇ ಬಂದರು. ಫಹಾಹೀಲಿನಲ್ಲಿ ಗಂಡನ ಜೊತೆ ಹೋಟೆಲು ನಡೆಸುತ್ತಿದ್ದ ವಾರಿಜಕ್ಕನೂ ಬಂದರು. ಗಂಡ ಜುಲೈಯಲ್ಲಿ ರಜೆಗೆ ಸುರತ್ಕಲ್ಲಿಗೆ ಹೋದವರು ಅಲ್ಲೇ ಸಿಕ್ಕಿಬಿದ್ದಿದ್ದರು.

ಊರಿಗೆ ಹೋಗುವವರ ಪಟ್ಟಿ ಮಾಡುವ ಕೆಲಸ ಸಿದ್ದಯ್ಯನವರದು. ಅಕ್ಷರ ದುಂಡಗಿದೆ ಎಂಬ ತಪ್ಪಿಗೆ ಬರೆಯುವ ಕೆಲಸ ನನ್ನದು. ಲಿಫ್ಟಿನ ಎದುರು ಮೇಜು ಹಾಕಿ ಕುಳಿತಿದ್ದೆವು. ಅಷ್ಟಮಾನನ ಸರದಿ ಬಂತು.

"ಹೆಸರು?" ಎಂದರು ಸಿದ್ದಯ್ಯ.

"ಅಷ್ಟಮಾನ್ ಶ್ರೇ..."

"ಶೆಟ್ಟಿ!" ಎಂದು ಹಿಂದಿನಿಂದ ಕೊರಗಪ್ಪ ಕೂಗಿದ. "ಅಷ್ಟಮಾನ ಶೆಟ್ಟಿ. ಬರೀರಿ ಮಾಷ್ಟ್ರೇ. ನಮ್ಮ ಕಡೆಯವನು."

ಆದದ್ದೇನೆಂದರೆ, ಹಿಂದಿನ ದಿನ ರೊಟ್ಟಿಯ ಸಾಲಿನಲ್ಲಿ ಯಾರೋ ಹೇಳಿದ್ದರು: ನಮ್ಮ ಸರ್ಕಾರ ಕಳಿಸುವ ವಿಮಾನ ಭಾರತದವರಿಗೆ ಮಾತ್ರ, ಉಳಿದವರು ಅವರವರ ರಾಯಭಾರಿಯನ್ನು ಕೇಳಿಕೊಳ್ಳಬೇಕು. ಕುವೈತಿನಲ್ಲಿ ನೇಪಾಳಕ್ಕೆ ರಾಯಭಾರಿ ಇರಲಿಲ್ಲ. ಅಷ್ಟಮಾನನ ಪಾಸ್‌ಪೋರ್ಟು ಕಫೀಲನ ಬೀರುವಿನಲ್ಲಿತ್ತು. ಕಫೀಲ, ಅಂದರೆ ಅವನನ್ನು ಕೆಲಸಕ್ಕೆ ತರಿಸಿಕೊಂಡ ಕುವೈತಿ ಯಜಮಾನ, ಮೊದಲ ದಿನವೇ ಸೌದಿಗೆ ಓಡಿದ್ದ. ಮುಂದೇನು ಎಂಬ ಪ್ರಶ್ನೆಗೆ ಉತ್ತರ ಇರಲಿಲ್ಲ. ಉತ್ತರವಿಲ್ಲದ ಪ್ರಶ್ನೆ ಕೊರಗಪ್ಪನ ಮುಂದೆ ಎಷ್ಟು ಹೊತ್ತು ನಿಂತೀತು?

ನನ್ನ ಪೆನ್ನು ನಿಂತಿತು. ಅಹ್ಮದಿಯಿಂದ ಬಂದ ಸಿದ್ದಯ್ಯನವರಿಗೆ ಅವನ ಗುರುತಿಲ್ಲ. ಕುರ್ಚಿ ಜೋಡಿಸುವವನ ಮುಖವನ್ನು ಯಾರು ನೋಡಿರುತ್ತಾರೆ? ನನಗೆ ಚೆನ್ನಾಗಿ ಗೊತ್ತಿತ್ತು. ಕೊರಗಪ್ಪ ನನ್ನನ್ನು ನೋಡಿದ. ಅಷ್ಟಮಾನ್ ನೆಲ ನೋಡಿದ. ನಾನು ದುಂಡಗೆ ಬರೆದೆ: ಎ. ಎಂ. ಶೆಟ್ಟಿ.

ಇಲ್ಲಿಗೆ ಮುಗಿಯಬೇಕಿತ್ತು. ಆದರೆ ಪಕ್ಕದಲ್ಲಿ ಅಕ್ಕಿ ಆರಿಸುತ್ತಿದ್ದ ವಾರಿಜಕ್ಕ ತಲೆ ಎತ್ತಿದರು. "ಶೆಟ್ಟಿಯಾ? ಯಾವ ಗುತ್ತು?"

ಗುತ್ತು ಎಂದರೆ ಅವರ ಕಡೆಯ ದೊಡ್ಡ ಮನೆತನಗಳ ಮೂಲಮನೆ. ಅಷ್ಟಮಾನನಿಗೆ ಆರು ವರ್ಷದಲ್ಲಿ ಒಂದಿಷ್ಟು ಕನ್ನಡ, ತುಳು ಬಂದಿತ್ತು, ಗುತ್ತು ಬಂದಿರಲಿಲ್ಲ. ಊರು ಕೇಳುತ್ತಿದ್ದಾರೆ ಎಂದುಕೊಂಡು ನಿಜವನ್ನೇ ಹೇಳಿದ. "ದೋಲಖಾ."

"ಡೋಲಕಗುತ್ತು! ಕೇಳಿದ ಹಾಗುಂಟು. ಕಾರ್ಕಳದ ಹತ್ತಿರ ಅಲ್ಲವಾ?"

"ಹತ್ತಿರ ಅಂದರೆ, ಅಲ್ಲಿಂದ ಸ್ವಲ್ಪ ಮೇಲೆ" ಎಂದ ಕೊರಗಪ್ಪ.

"ದೇವರು ಯಾರು ನಿಮಗೆ?"

"ಭೀಮೇಶ್ವರ" ಎಂದ ಅಷ್ಟಮಾನ್. ಅದೂ ನಿಜವೇ; ಭೀಮಸೇನನಿಗೆ ಅಲ್ಲಿ ಆ ಹೆಸರೂ ಉಂಟು.

"ಒಳ್ಳೆಯದು. ಅಜ್ಜ ಎಂತ ಮಾಡ್ತಿದ್ದರು?"

"ಅಜ್ಜ ಭೋಟ್ ಹೋಗ್ತಿದ್ದರು. ಉಪ್ಪು ತರ್ತಿದ್ದರು."

ಭೋಟ್ ಎಂದರೆ ಅವರ ಮಾತಿನಲ್ಲಿ ಟಿಬೆಟ್ಟು. ವಾರಿಜಕ್ಕನ ಕಿವಿಗೆ ಅದು ಮೀನಿನ ಬೋಟಾಯಿತು. "ಬೋಟಿನಲ್ಲಿ ಉಪ್ಪಾ? ಮೀನು ತರ್ತಿರಲಿಲ್ಲವಾ?"

"ಮೀನಿಲ್ಲ ಅಕ್ಕ. ಉಪ್ಪು, ಉಣ್ಣೆ. ಹೋಗಲಿಕ್ಕೆ ಹದಿನೈದು ದಿನ, ಬರಲಿಕ್ಕೆ ಹದಿನೈದು ದಿನ."

"ಯಂತ್ರ ಇಲ್ಲದ ಕಾಲದಲ್ಲಿ! ಅಷ್ಟು ದೂರ ಹೇಗೆ ಹೋಗ್ತಿದ್ದರು ಪಾಪ?"

"ನಡೆದು."

"ಬಂದರಿನಿಂದ ಮನೆಗೆ, ಅಕ್ಕ. ಬಂದರಿನಿಂದ ಮನೆಗೆ ನಡೆದು" ಎಂದು ಕೊರಗಪ್ಪ ಹಣೆ ಒರೆಸಿಕೊಂಡ.

ವಾರಿಜಕ್ಕ ಮೊರವನ್ನು ಕೆಳಗಿಟ್ಟರು. ಅವರ ತಾಯಿಯ ಸೋದರಮಾವನೊಬ್ಬ ಹಿಂದೆ ಮನೆಯಲ್ಲಿ ಜಗಳವಾಡಿ ಬೋಟು ಹತ್ತಿ ಹೋದವನು ಮತ್ತೆ ಬಂದಿರಲಿಲ್ಲವಂತೆ. "ಮಾಷ್ಟ್ರೇ, ಇವನ ಮೂಗು ನೋಡಿ. ನಮ್ಮ ದೊಡ್ಡಮಾವನ ಮೂಗು! ಮನೆಯಲ್ಲಿ ಫೋಟೋ ಉಂಟು, ಬೇಕಾದರೆ ಬಂದು ನೋಡಿ."

ಅಂದಿನಿಂದ ಅಷ್ಟಮಾನ್ ಅವರಿಗೆ ತಮ್ಮನಾದ. ಮಧ್ಯಾಹ್ನ ಮೆಟ್ಟಿಲ ಮೇಲಿನಿಂದ "ತಮ್ಮಾ, ಒಣಸ್ ಆಂಡಾ?" ಎಂದು ಊಟದ ವಿಚಾರಣೆ ಬರುತ್ತಿತ್ತು. ಅವನು ಹೂಂ ಎಂದರೂ ಊಹೂಂ ಎಂದರೂ ಒಂದು ತಟ್ಟೆ ಇಳಿದು ಬರುತ್ತಿತ್ತು. ಅಕ್ಕಿ ಸಿಗದ ದಿನಗಳಲ್ಲಿ ಅವರು ತಮ್ಮ ತಟ್ಟೆಯದನ್ನೇ ಅರ್ಧ ಮಾಡುತ್ತಿದ್ದರೆಂದು ಆಮೇಲೆ ತಿಳಿಯಿತು.

ಒಂದು ದಿನ ಅಷ್ಟಮಾನ್ ತಟ್ಟೆ ತೊಳೆಯುತ್ತಾ ಹೇಳಿದ: "ಮಾಷ್ಟ್ರೇ, ಆರು ವರ್ಷ 'ಹಾರಿಸ್, ನೀರಿಲ್ಲ, ಹಾರಿಸ್, ಲಿಫ್ಟಿಲ್ಲ' ಅಂತ ಕರೆದರು. ಈಗ ತಮ್ಮಾ ಅಂತ ಕರೆಯುತ್ತಾರೆ. ಸುಳ್ಳು ಹೇಳಿ ಉಣ್ಣುತ್ತಿದ್ದೇನೆ. ಇವತ್ತು ಹೇಳಿಬಿಡಲಾ?"

"ಸುಳ್ಳು ಹೇಳಿದ್ದು ನಾನು" ಎಂದ ಕೊರಗಪ್ಪ. "ನಿನ್ನ ಕೆಲಸ ಉಣ್ಣುವುದು ಮಾತ್ರ. ಬೊಂಬಾಯಿಯಲ್ಲಿ ಇಳಿದ ಮೇಲೆ ನಾನೇ ಹೇಳ್ತೇನೆ. ನನಗೆ ಗೊತ್ತುಂಟು ಹೇಗೆ ಹೇಳುವುದು ಅಂತ."

ಸೆಪ್ಟೆಂಬರ್ ಮೊದಲ ವಾರ ಹೊರಟೆವು. ಬಸ್ಸಿನಲ್ಲಿ ಬಸ್ರಾ, ಬಗ್ದಾದ್, ಅಲ್ಲಿಂದ ಜೋರ್ಡನ್ನಿನ ಗಡಿ; ವಿಮಾನ ಹೊರಡುವುದು ಆ ದೇಶದಿಂದ. ರುವೈಶಿದ್ ಎಂಬಲ್ಲಿ ಮರಳಿನ ಮೇಲೆ ಡೇರೆಗಳ ಊರು. ಸಾವಿರಾರು ಜನ, ಒಂದೊಂದು ನೀರಿನ ಲಾರಿಗೆ ಮೈಲುದ್ದದ ಸಾಲು. ನಮ್ಮ ಡೇರೆಯಲ್ಲಿ ಸಿದ್ದಯ್ಯನವರು, ವಾರಿಜಕ್ಕ, ನಾನು, ಕೊರಗಪ್ಪ, ಅಷ್ಟಮಾನ್, ಜೊತೆಗೆ ಎರಡು ಸಂಸಾರ. ಸಿದ್ದಯ್ಯನವರು ಡೇರೆಯ ಕಂಬಕ್ಕೆ ಗಡಿಯಾರ ಕಟ್ಟಿ ವೇಳಾಪಟ್ಟಿ ಅಂಟಿಸಿದರು. ಅದರಲ್ಲಿ ಸಂಜೆ ಐದರಿಂದ ಆರು 'ಸಾಂಸ್ಕೃತಿಕ' ಎಂದಿತ್ತು.

ಮೂರನೇ ದಿನ ಮಧ್ಯಾಹ್ನ ಮರಳಿನ ಗಾಳಿ ಎದ್ದಿತು. ಡೇರೆಯ ಬಟ್ಟೆಯನ್ನು ನಾಲ್ಕು ಕಡೆ ಹಿಡಿದುಕೊಂಡು ಒಳಗೆ ಕೂತಿದ್ದೆವು. ಮಕ್ಕಳು ಹೆದರಿ ಅಳುತ್ತಿದ್ದವು. ಕೊರಗಪ್ಪ ನೀರಿನ ಸಾಲಿನಲ್ಲಿ ಸಿಕ್ಕಿಬಿದ್ದಿದ್ದ. ಆಗ ಅಷ್ಟಮಾನ್, ಯಾರೂ ಕೇಳದೆ, ತಡವರಿಸುವ ಕನ್ನಡದಲ್ಲಿ ಶುರುಮಾಡಿದ. ಒಂದು ಊರು. ಬೆಟ್ಟದ ಮೇಲೆ. ಬೆಳಿಗ್ಗೆ ಬಾಗಿಲು ತೆರೆದರೆ ಎದುರಿಗೆ ಗೌರೀಶಂಕರ ಶಿಖರದ ಹಿಮ. ಕಲ್ಲಿನ ಬೀದಿ, ಮರದ ಕೆತ್ತನೆಯ ಕಿಟಕಿ, ಕಿಟಕಿಯಲ್ಲಿ ಒಣಗಲು ಕಟ್ಟಿದ ಜೋಳದ ತೆನೆ. ಹನ್ನೆರಡು ಜನ ಹೊರೆಯಾಳುಗಳು. ಮೂರು ಕಲ್ಲು. ದೇಶಕ್ಕೆ ಕಷ್ಟ ಬರುವ ಮೊದಲು ಆ ದೇವರ ಕಲ್ಲು ಬೆವರುತ್ತದೆ, ಪೂಜಾರಿ ಹತ್ತಿಯಲ್ಲಿ ಒರೆಸಿ ಅರಮನೆಗೆ ಕಳಿಸುತ್ತಾನೆ.

ಮಕ್ಕಳು ಸುಮ್ಮನಾದವು. ಸಿದ್ದಯ್ಯನವರು ಮಾತ್ರ ಕನ್ನಡಕ ಸರಿಮಾಡಿಕೊಂಡರು.

"ಒಂದ್ನಿಮಿಷ ಕಣಯ್ಯ. ಇದು ಕೊರಗಪ್ಪನವರ ಊರಲ್ವಾ? ಅವರು ಎಂಬತ್ತೆರಡರಲ್ಲಿ ಹೋಗಿ ನೋಡಿದ್ದು. ಏಪ್ರಿಲಿನಲ್ಲಿ ಭಾಷಣ ಮಾಡಿದ್ದಾರೆ, ನಾನೇ ಅಧ್ಯಕ್ಷ. ನೀನು ಯಾವಾಗ ಹೋಗಿದ್ದೆ?"

ಅಷ್ಟಮಾನ್ ಡೇರೆಯ ಬಟ್ಟೆಯನ್ನು ಇನ್ನಷ್ಟು ಬಿಗಿಯಾಗಿ ಹಿಡಿದುಕೊಂಡ.

"ಇನ್ನೊಬ್ಬರ ಪ್ರವಾಸ ಕದಿಯೋದು ತಪ್ಪು. ಕಾರ್ಕಳದವನು ಕಾರ್ಕಳದ ವಿಷಯ ಹೇಳು. ಬಾಹುಬಲಿ ಇದೆ, ಕೆರೆ ಇದೆ. ನಿಮ್ಮೂರಲ್ಲಿ ಹೇಳೋಕೆ ಏನು ಕಮ್ಮಿ?"

ನಾನು ಬಾಯಿ ತೆರೆದೆ. ಅಷ್ಟಮಾನ್ ನನ್ನ ಕಡೆ ನೋಡಿ ಸಣ್ಣಗೆ ತಲೆಯಾಡಿಸಿದ. ಆಮೇಲೆ ಹೇಳಿದ: "ಹೌದು ಸಾರ್. ಕೊರಗಪ್ಪಣ್ಣ ಹೇಳಿದ್ದನ್ನು ಕೇಳಿ ಕಲಿತದ್ದು. ನಾನು ನೋಡಿಲ್ಲ."

ಗಾಳಿ ನಿಂತ ಮೇಲೆ ಕೊರಗಪ್ಪ ಮರಳಿನ ಬೊಂಬೆಯಾಗಿ ಬಂದ. ವಿಷಯ ಹೇಳಿದೆ. ಅವನು ಬಕೆಟ್ಟು ಕೆಳಗಿಡುವುದನ್ನೂ ಮರೆತು ನಿಂತ. "ನೋಡಿಲ್ಲ ಅಂತ ಹೇಳಿದನಾ?" ಎಂದು ಎರಡು ಸಲ ಕೇಳಿದ. ಕೂಡಲೇ ಸಿದ್ದಯ್ಯನವರ ಹತ್ತಿರ ಹೋಗುತ್ತೇನೆಂದು ಹೊರಟವನನ್ನು ಅಷ್ಟಮಾನನೇ ಕೈಹಿಡಿದು ಕೂರಿಸಿದ. "ಬೊಂಬಾಯಿಯಲ್ಲಿ ದಾಜು. ಈಗ ಹೇಳಿದರೆ ಪಟ್ಟಿ ಕೆಡುತ್ತದೆ."

ಮರುದಿನ ಅಷ್ಟಮಾನನಿಗೆ ವಾಂತಿ, ಭೇದಿ ಶುರುವಾಯಿತು. ಆ ಬಿಸಿಲಿನಲ್ಲಿ ಅದು ಬಂದರೆ ಮನುಷ್ಯ ಒಂದೇ ದಿನದಲ್ಲಿ ಅರ್ಧವಾಗುತ್ತಾನೆ. ಆಸ್ಪತ್ರೆಯ ಡೇರೆಗೆ ಸೇರಿಸಿದೆವು. ವಾರಿಜಕ್ಕ ಪಕ್ಕದಲ್ಲಿ ಕೂತು ರಟ್ಟಿನ ತುಂಡಿನಲ್ಲಿ ಗಾಳಿ ಹಾಕಿದರು. ಅವನು ಏನೇನೋ ಮಾತಾಡುತ್ತಿದ್ದ. ಕನ್ನಡವಲ್ಲ, ತುಳುವಲ್ಲ, ಹಿಂದಿಯೂ ಅಲ್ಲ. ದೋಲಖಾದವರು ಮನೆಯಲ್ಲಿ ಆಡುವ ಮಾತು. "ಜ್ವರದಲ್ಲಿ ನಾಲಿಗೆ ಹೊರಳ್ತಾ ಇಲ್ಲ, ಪಾಪ" ಎಂದು ವಾರಿಜಕ್ಕ ಹೂಂಗುಟ್ಟುತ್ತಲೇ ಇದ್ದರು. ಮೂರನೇ ದಿನ ಬೆಳಿಗ್ಗೆ ಹನ್ನೊಂದಕ್ಕೆ ಅವನು ತೀರಿಕೊಂಡಾಗ ಕೊರಗಪ್ಪ ಅವನಿಗೆಂದು ಕಿತ್ತಳೆ ರಸದ ಒಂದು ಡಬ್ಬಿಗಾಗಿ ಸಾಲಿನಲ್ಲಿ ನಿಂತಿದ್ದ. ಡಬ್ಬಿ ಸಿಕ್ಕಿತು. ಓಡಿ ಬಂದ.

ಶಿಬಿರದ ಗುಮಾಸ್ತ ಸಾವಿನ ದಾಖಲೆ ತಂದ. ಪಟ್ಟಿಯಲ್ಲಿದ್ದ ಹೆಸರು ಓದಿ, "ಶೆಟ್ಟಿ?" ಎಂದು ಕೇಳಿದ.

ಕೊರಗಪ್ಪ ಜೀವಮಾನದಲ್ಲಿ ಮೊದಲ ಸಲ ಉತ್ತರವಿಲ್ಲದೆ ನಿಂತ. ಅಲ್ಲ ಎಂದರೆ ಸುಳ್ಳು ಪಟ್ಟಿ ಎಂದು ನಮ್ಮ ಡೇರೆಯವರನ್ನೆಲ್ಲ ತಡೆದರೆ? ಮಕ್ಕಳಿದ್ದವು. ನಾನೂ ಅಲ್ಲೇ ಇದ್ದೆ, ಬರೆದ ಕೈ ನನ್ನದೇ. ನಾನೂ ತುಟಿ ಬಿಚ್ಚಲಿಲ್ಲ. ಕೊನೆಗೆ ಕೊರಗಪ್ಪ ತಲೆಯಾಡಿಸಿದ. ಮರಳಿನಲ್ಲಿ ಮಣ್ಣು ಮಾಡಿ, ಒಂದು ಹಲಗೆಯ ಮೇಲೆ ಶೆಟ್ಟಿ ಎಂದು ಬರೆದು ನೆಟ್ಟರು.

ಮಾರನೆಯ ದಿನ ಬೆಳಿಗ್ಗೆ ಧ್ವನಿವರ್ಧಕದಲ್ಲಿ ಹಿಂದಿಯಲ್ಲಿ ಕೂಗಿದರು: ನೇಪಾಳದವರು ಯಾರಾದರೂ ಇದ್ದರೆ ಹೆಸರು ಕೊಡಿ, ಅವರಿಗೂ ವಿಮಾನದ ವ್ಯವಸ್ಥೆಯಾಗಿದೆ. ಕೊರಗಪ್ಪ ಗಡ್ಡ ಹೆರೆಯುತ್ತಿದ್ದ. ಅರ್ಧ ಗಡ್ಡದಲ್ಲೇ ಎದ್ದು ಹೋದವನು ಸಂಜೆಯವರೆಗೆ ಬರಲಿಲ್ಲ. ಆ ಅರ್ಧ ಗಡ್ಡದಲ್ಲೇ ಬೊಂಬಾಯಿಯಲ್ಲಿ ಇಳಿದ. ಯಾರೋ ಪತ್ರಿಕೆಯವರು ಅದೇ ಫೋಟೋ ಹಾಕಿದರು, ಯುದ್ಧದ ಭೀಕರತೆ ಎಂದು.

ವಾರಿಜಕ್ಕ ಸುರತ್ಕಲ್ಲಿನ ತಮ್ಮ ಮನೆಯಲ್ಲೇ ತಮ್ಮನ ಬೊಜ್ಜ ಮಾಡಿದರು. ಬೊಜ್ಜ ಎಂದರೆ ಸತ್ತವರ ಉತ್ತರಕ್ರಿಯೆ. ನಾನು ಮೈಸೂರಿನಿಂದ ಹೋಗಿದ್ದೆ. ನೂರು ಜನ ಸೇರಿದ್ದರು. ವಾರಿಜಕ್ಕನ ಗಂಡ ಒಂದು ವಾರ ಕಾರ್ಕಳ ತಾಲೂಕೆಲ್ಲ ಸುತ್ತಿ ಬಂದಿದ್ದರು. "ಡೋಲಕಗುತ್ತು ಎಲ್ಲೂ ಇಲ್ಲ. ಪೇಟೆಯಲ್ಲಿ ಡೋಲಕ್ ರಿಪೇರಿ ಮಾಡುವ ಒಬ್ಬ ಸಿಕ್ಕಿದ. ಅವನಿಗೂ ಏನೂ ಗೊತ್ತಿಲ್ಲ" ಎಂದು ವರದಿ ಒಪ್ಪಿಸಿದರು. ಒಬ್ಬ ಹಿರಿಯರು, ಆ ಮನೆತನ ತಮ್ಮ ಅಜ್ಜನ ಕಾಲದಲ್ಲೇ ಅಳಿದುಹೋಯಿತೆಂದೂ, ಅದರ ಅಂಗಳದಲ್ಲಿ ತಾವು ಆಡಿದ್ದು ನೆನಪಿದೆಯೆಂದೂ ಹೇಳಿದರು.

ಸತ್ತವನಿಗೆಂದು ಎಲೆ ಹಾಕಿ ಬಡಿಸಿದ್ದರು. ಕೊರಗಪ್ಪ ಅದರ ಎದುರು ನಿಂತಿದ್ದವನು ಇದ್ದಕ್ಕಿದ್ದಂತೆ ಹೇಳಿಬಿಟ್ಟ. ಎಲ್ಲವನ್ನೂ, ಉಸಿರು ತೆಗೆದುಕೊಳ್ಳದೆ. ಅವನು ಶೆಟ್ಟಿಯಲ್ಲ. ಕಾರ್ಕಳದವನಲ್ಲ. ಬೋಟಿಲ್ಲ. ನಾನು ಹಿಮಾಲಯ ನೋಡಿದವನೇ ಅಲ್ಲ, ಊರು ಅವನದು, ಗುಡಿ ಅವನದು, ಸಿದ್ದಯ್ಯ ಸರ್ ಬೈದದ್ದು ಅವನಿಗಲ್ಲ, ನನಗೆ.

ಅಂಗಳದಲ್ಲಿ ಆಡಿದ ಹಿರಿಯರು ಬೇಗ ಊಟಕ್ಕೆ ಕೂತರು. ಉಳಿದವರು ವಾರಿಜಕ್ಕನನ್ನು ನೋಡಿದರು.

ವಾರಿಜಕ್ಕ ಬಗ್ಗಿ ಎಲೆಯ ತುದಿಯನ್ನು ಸರಿಮಾಡಿದರು. ಆಮೇಲೆ, "ನಿನಗೆ ಬೈಯುವುದು ಇನ್ನೊಂದು ದಿನಕ್ಕಿರಲಿ" ಎಂದರು. "ಎಲೆ ಯಾರಿಗೆ ಹಾಕಿದ್ದೇನೋ ಅವನಿಗೇ ಹಾಕಿದ್ದು. ಅವನಿಗೆ ಅಮ್ಮ ಉಂಟಾ?"

"ಉಂಟು."

"ಅವಳಿಗೆ ಯಾರು ಹೇಳಿದ್ದಾರೆ?"

ಯಾರೂ ಹೇಳಿರಲಿಲ್ಲ. ದಾಖಲೆಯಲ್ಲಿ ಸತ್ತವನು ಶೆಟ್ಟಿ. ದೋಲಖಾದ ಅಷ್ಟಮಾನ್ ಶ್ರೇಷ್ಠ ಯಾವ ಕಾಗದದಲ್ಲೂ ಸತ್ತಿರಲಿಲ್ಲ.

ಕೊರಗಪ್ಪ ಹೋಗುತ್ತೇನೆ ಎಂದ. ಹೋಗಲಿಲ್ಲ. ಮೊದಲು ಅಲ್ಲಿ ಚಳಿ ಎಂದ; ಆಮೇಲೆ ಯುದ್ಧ ಶುರುವಾಯಿತು ಎಂದ, ಯುದ್ಧ ನೇಪಾಳದಲ್ಲಿ ನಡೆಯುತ್ತಿದೆಯೋ ಎಂಬಂತೆ. 'ಭೀಮಸೇನ ಗುಡಿಯ ಹತ್ತಿರ, ದೋಲಖಾ' ಎಂದು ಮೂರು ಸಲ ಕಾಗದ ಬರೆದು ಮೂರನ್ನೂ ಹರಿದ. ವಾರಿಜಕ್ಕ ವಾರಕ್ಕೊಮ್ಮೆ ಪಡುಬಿದ್ರಿಗೆ ಆಳು ಕಳಿಸಿ, "ಹೋದನಾ?" ಎಂದಷ್ಟೇ ಕೇಳಿಸುತ್ತಿದ್ದರು. ಕುವೈತ್ ಬಿಡುಗಡೆಯಾಗಿ, ಅಲ್ಲಿಂದ ಮತ್ತೆ ಟಪಾಲು ಬರಲು ಶುರುವಾಯಿತೆಂದು ಕೇಳಿದ ದಿನ ಅವನಿಗೆ ನಿದ್ದೆ ಹತ್ತಲಿಲ್ಲವಂತೆ. ಆ ತಾಯಿ ಈಗ ಪೋಸ್ಟ್‌ಮ್ಯಾನನ ದಾರಿ ಕಾಯುತ್ತಿರುತ್ತಾಳೆ ಎಂದು ಹೊಳೆದು, 91ರ ಆಗಸ್ಟಿನಲ್ಲಿ ರೈಲು ಹತ್ತಿದ.

ಮುಂದಿನದು ನಾನು ಕಂಡದ್ದಲ್ಲ. ಆ ದೀಪಾವಳಿಗೆ ಅವನು ನಮ್ಮ ಮನೆಗೆ ಬಂದಾಗ ಹೇಳಿದ್ದು. ಈ ಸಲ ಅವನು ಏನನ್ನೂ ಸೇರಿಸಲಿಲ್ಲವೆಂದು ನನ್ನ ನಂಬಿಕೆ. ಯಾಕೆಂದರೆ ಕಥೆಯಲ್ಲಿ ಎಲ್ಲ ಕಡೆ ಅವನೇ ಪೆದ್ದನಾಗಿದ್ದ.

ಗೋರಖಪುರ, ಕಾಠ್ಮಂಡು, ಅಲ್ಲಿಂದ ಚರಿಕೋಟ್‌ವರೆಗೆ ಬಸ್ಸು, ಆಮೇಲೆ ನಡಿಗೆ. ದೋಲಖಾದಲ್ಲಿ ಮೊದಲು ಸಿಕ್ಕಿದವನನ್ನು "ಶ್ರೇಷ್ಠರ ಮನೆ ಯಾವುದು?" ಎಂದು ಕೇಳಿದ. ಅವನು ಬೀದಿಯ ಈ ತುದಿಯಿಂದ ಆ ತುದಿಯವರೆಗೆ ಕೈ ತೋರಿಸಿದ. ಅಷ್ಟಮಾನ್ ಎಂದು ಬಿಡಿಸಿ ಹೇಳಿದ ಮೇಲೆ ಒಂದು ಬಾಗಿಲು ತೋರಿಸಿದರು. ಒಬ್ಬ ಹೆಂಗಸು ಬಂದಳು. ಕೊರಗಪ್ಪ ಹನ್ನೊಂದು ತಿಂಗಳು ಅಭ್ಯಾಸ ಮಾಡಿದ್ದ ಹಿಂದಿ ವಾಕ್ಯವನ್ನು ಕಣ್ಣುಮುಚ್ಚಿ ಹೇಳಿ ಮುಗಿಸಿದ: ಅಷ್ಟಮಾನ್ ಇನ್ನಿಲ್ಲ. ಆಕೆ ಕಿರುಚಿದಳು. ಒಳಗಿನಿಂದ ಎಪ್ಪತ್ತು ವರ್ಷದ ಅಷ್ಟಮಾನ್ ಶ್ರೇಷ್ಠ ಅರ್ಧ ಉಂಡ ಕೈಯಲ್ಲಿ ಎದ್ದು ಬಂದು, ಯಾರು ಹೇಳಿದ್ದು ಎಂದು ಕೇಳಿದ.

ಎರಡನೇ ಬಾಗಿಲಲ್ಲಿ ವಾಕ್ಯ ಹೇಳುವ ಅಗತ್ಯ ಬೀಳಲಿಲ್ಲ. ಕಿರುಚಾಟ ಕೇಳಿ ಹೊರಗೆ ಬಂದು ನಿಂತಿದ್ದ ಒಬ್ಬ ಮುದುಕಿ, ಪರವೂರಿನ ಈ ಕಪ್ಪು ಮನುಷ್ಯನನ್ನು ನೋಡಿ, "ಕುವೈತ್?" ಎಂದಳು. ಕೊರಗಪ್ಪ ಹೌದೆಂದ. ಅವಳು ಹೊಸ್ತಿಲಲ್ಲಿ ಕೂತುಬಿಟ್ಟಳು.

ದೊಡ್ಡ ಮಗ, ಅಷ್ಟಮಾನನ ಅಣ್ಣ, ಹಿಂದಿ ಬಲ್ಲವನು. ಅವನ ಮೂಲಕ ತಾಯಿ ಕೇಳಿದ್ದು ಮೂರೇ ಮಾತು.

"ಹೊಟ್ಟೆತುಂಬ ಉಣ್ಣುತ್ತಿದ್ದನಾ?"

"ಉಣ್ಣುತ್ತಿದ್ದ. ಒಬ್ಬ ಅಕ್ಕ ಬಡಿಸುತ್ತಿದ್ದರು."

"ಸಾಯುವಾಗ ಪಕ್ಕದಲ್ಲಿ ಯಾರಿದ್ದರು?"

"ಅದೇ ಅಕ್ಕ. ನಾನಿರಲಿಲ್ಲ." ಇರಲಿಲ್ಲ ಎಂದು ಹೇಳುವುದು ಎಷ್ಟು ಕಷ್ಟವಾಯಿತು ಮಾಷ್ಟ್ರೇ, ಇದ್ದೆ ಅಂತ ಬಾಯಿಗೆ ಬಂದಿತ್ತು, ಎಂದ ಕೊರಗಪ್ಪ.

"ಏನಾದರೂ ಹೇಳಿದನಾ?"

"ಹೇಳಿದ. ನಿಮ್ಮ ಮಾತಿನಲ್ಲಿ. ನಮಗೆ ಯಾರಿಗೂ ತಿಳಿಯಲಿಲ್ಲ."

ಅವಳು ಅಳಲಿಲ್ಲ. ಅಂದಿನಿಂದ ಒಂದು ಮಾತೂ ಆಡಲಿಲ್ಲ. ಒಲೆಯ ಹತ್ತಿರ ಕೂತಳು, ಅಷ್ಟೇ. ಹೆಸರಿನ ವಿಷಯ, ಪಟ್ಟಿಯ ವಿಷಯ ಎಲ್ಲ ಕೊರಗಪ್ಪ ಅಣ್ಣನಿಗೆ ಹೇಳಿ ಕಾಲು ಹಿಡಿಯಲು ಹೋದ. ಅಣ್ಣ ಕಾಲು ಹಿಂದೆಗೆದುಕೊಂಡ. ಬೈಯಲೂ ಇಲ್ಲ, ಪರವಾಗಿಲ್ಲ ಎನ್ನಲೂ ಇಲ್ಲ. "ಇನ್ನೊಂದು ವಾರದಲ್ಲಿ ಗಾಯಿಜಾತ್ರಾ ಇದೆ, ಇದ್ದು ಹೋಗಿ" ಎಂದ.

ಗಾಯಿ ಎಂದರೆ ಹಸು. ಆ ವರ್ಷ ಸಾವಾದ ಮನೆಯವರು ಸತ್ತವರ ಹೆಸರಿನಲ್ಲಿ ಒಂದು ಹಸುವನ್ನು ಊರಿನ ಗುಡಿಗಳ ಸುತ್ತ ನಡೆಸುತ್ತಾರೆ. ಸತ್ತವರಿಗೆ ಅದು ದಾರಿ ತೋರಿಸುತ್ತದಂತೆ. ಅದೇ ಮೆರವಣಿಗೆಯಲ್ಲಿ ಊರಿನವರು ವೇಷ ಹಾಕಿ, ಕುಣಿದು, ದೊಡ್ಡವರನ್ನು ಅಣಕಿಸುತ್ತಾರೆ. ಸತ್ತವರ ಮನೆಯವರು ನಗಬೇಕು, ಅದಕ್ಕೆ. ಹಸುವಿನ ಹಗ್ಗವನ್ನು ಅಣ್ಣ ಕೊರಗಪ್ಪನ ಕೈಗೆ ಕೊಟ್ಟ.

"ಹಸು ನಡೆಸಿ ಗೊತ್ತಾ?" ಎಂದು ಕೇಳಿದ.

ಕೊರಗಪ್ಪ ಅಭ್ಯಾಸದಂತೆ ಬಾಯಿ ತೆರೆದು, ಮುಚ್ಚಿ, "ಗೊತ್ತಿಲ್ಲ" ಎಂದ.

ಹಸುವಿಗೂ ಅದು ಬೇಗನೆ ಗೊತ್ತಾಯಿತು. ಭೀಮಸೇನನ ಗುಡಿಯವರೆಗೆ ಸುಮ್ಮನಿದ್ದದ್ದು, ಇಳಿಜಾರಿನಲ್ಲಿ ಯಾರದೋ ಡೋಲಿನ ಸದ್ದಿಗೆ ಕಿತ್ತಿತು. ಹಗ್ಗವನ್ನು ಮುಂಗೈಗೆ ಸುತ್ತಿಕೊಂಡಿದ್ದ ಕೊರಗಪ್ಪ ಹಿಂದೆಯೇ ಹೋದ. ಮಳೆಗೆ ಪಾಚಿ ಕಟ್ಟಿದ ಕಲ್ಲು. ಕಾಲು ಮೇಲೆ, ತಲೆ ಕೆಳಗೆ, ಟೊಪ್ಪಿ ಒಂದು ಕಡೆ, ಚಪ್ಪಲಿ ಇನ್ನೊಂದು ಕಡೆ. ಕೆಸರಿನಲ್ಲಿ ಬಿದ್ದವನು ಎದ್ದು ಕುಂಟಿದರೆ, ಹಿಂದೆ ಬರುತ್ತಿದ್ದ ವೇಷದವರೆಲ್ಲ ಅವನಂತೆಯೇ ಬಿದ್ದರು, ಅವನಂತೆಯೇ ಸೊಂಟ ಹಿಡಿದು ಎದ್ದರು, ಅವನಂತೆಯೇ ಕುಂಟಿದರು. ಇಡೀ ಬೀದಿ ಕಿಟಕಿಗಳಲ್ಲಿ ಬಗ್ಗಿ ನಕ್ಕಿತು. ಎಪ್ಪತ್ತು ವರ್ಷದ ಅಷ್ಟಮಾನನಂತೂ ಕಂಬ ಹಿಡಿದುಕೊಂಡು ನಕ್ಕ.

ಕೊರಗಪ್ಪನಿಗೆ ಮೈಯೆಲ್ಲ ಉರಿಯಿತು. ತುಳುವಿನಲ್ಲಿ ನಾಲ್ಕು ಮಾತು ಬಿಡಬೇಕೆಂದು ತಿರುಗಿದ.

ಜಗಲಿಯ ಮೇಲೆ ಆ ತಾಯಿ ಕೂತಿದ್ದಳು. ಸೆರಗಿನ ತುದಿಯನ್ನು ಬಾಯಿಗೆ ಒತ್ತಿಕೊಂಡಿದ್ದಳು. ಭುಜ ಕುಲುಕುತ್ತಿತ್ತು. ಅಳುತ್ತಿದ್ದಾಳೆ ಎಂದುಕೊಂಡ. ಸೆರಗು ಜಾರಿತು. ನಗುತ್ತಿದ್ದಳು, ಹಲ್ಲಿಲ್ಲದ ಬಾಯಿ ತೆರೆದು, ಕಣ್ಣಲ್ಲಿ ನೀರು ಸುರಿಸುತ್ತಾ. ಎಂಟು ದಿನದ ಮೇಲೆ ಅವಳ ಗಂಟಲಿನಿಂದ ಬಂದ ಮೊದಲ ಸದ್ದು ಅದು. ಅಣ್ಣ ಅವಳ ಬೆನ್ನು ಸವರುತ್ತಿದ್ದ.

ಕೊರಗಪ್ಪ ಹಗ್ಗ ಬಿಗಿಹಿಡಿದುಕೊಂಡ. ಸರಿಯಾಗಿ ನಾಲ್ಕು ಹೆಜ್ಜೆ ನಡೆದು, ಜಗಲಿಯ ಎದುರಿಗೇ, ಮತ್ತೆ ಬಿದ್ದ. ಈ ಸಲ ಹಸು ಎಳೆದಿರಲಿಲ್ಲ.